ಕಾನ್ಸೆಪ್ಟಾ ಬಾಯಿಯ ಕ್ಯಾಸೆಟ್

ಕಿಟಕಿ ಮುಚ್ಚುವುದು ಬೇಡ, ಗಾಳಿ ಬರಲಿ. ಆದರೆ ನಡುವೆ ಯಾರೂ ಎದ್ದು ಹೋಗಬಾರದು. ಇದು ಕಟ್ಟಿದ ಕತೆ ಅಲ್ಲ. ನಮ್ಮ ಪಕ್ಕದ ಮನೆಯ ಜೋನ್‌ಗೆ ಆದದ್ದು. ಅರ್ಧಕ್ಕರ್ಧ ನನ್ನ ಕಣ್ಣೆದುರೇ ಆದದ್ದು.

ಎಂಬತ್ತಮೂರನೇ ಇಸವಿ, ಈಸ್ಟರ್ ಕಳೆದಿತ್ತು. ಜೋನ್ ಶಂಕರಪುರದಿಂದ ಇನ್ನಂಜೆಗೆ ನಡೆದುಕೊಂಡು ಬರುತ್ತಿದ್ದಳು. ಕೊನೆಯ ಬಸ್ಸು ತಪ್ಪಿತ್ತು. ಗದ್ದೆಯ ಹುಣಿಯ ಮೇಲೆ ಬಂದರೆ ದಾರಿ ಹತ್ತಿರ. ಆದರೆ ಹಳೆಯ ಬಾವಿಯ ಪಕ್ಕದಲ್ಲೇ ಬರಬೇಕು. ಆ ಬಾವಿಯ ನೀರನ್ನು ಯಾರೂ ಸೇದುತ್ತಿರಲಿಲ್ಲ. ಯಾಕೆ ಎಂದು ನಾವು ಚಿಕ್ಕವರು ಕೇಳಿದರೆ ದೊಡ್ಡವರು ಬೇರೆ ಮಾತು ತೆಗೆಯುತ್ತಿದ್ದರು.

ಜೋನ್‌ಳ ಹೆಗಲಲ್ಲಿ ಟೇಪ್ ರೆಕಾರ್ಡರ್ ಇತ್ತು. ಅವಳು ಮಸ್ಕತ್ತಿನಲ್ಲಿ ನರ್ಸ್. ಅಪ್ಪ ತೀರಿಕೊಂಡಾಗ ಬರಲಿಕ್ಕೆ ಆಗಿರಲಿಲ್ಲ. ಅವರು ಅವಳಿಗೆ ತಮ್ಮ ಮಾತು ತುಂಬಿಸಿ ಕಳಿಸಿದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಅದರಲ್ಲಿ ಎಂತ ಉಂಟು? ಕೆಮ್ಮು. ಕೊಯ್ಲು ಮುಗಿಯಿತು, ದನ ಕರು ಹಾಕಿತು... ಅಷ್ಟೇ. ಇನ್ನು ಉಳಿದವರ ಜೀವನವಾದರೂ ಅವರ ಬಾಯಿಂದಲೇ ಸಿಗಲಿ ಎಂದು ಆ ರಜೆಯಲ್ಲಿ ಸಂಬಂಧಿಕರ ಮನೆ ಮನೆಗೆ ಹೋಗಿ ಕೂತಳು. ಹುಟ್ಟಿದ್ದು, ಮದುವೆಯಾದದ್ದು, ಹಸಿದದ್ದು, ನಕ್ಕದ್ದು ಎಲ್ಲ ಕೇಳಿದಳು. ಅವತ್ತು ಶಂಕರಪುರದ ಜೆರ್ಟ್ರೂಡ್ ಬಾಯಿಯ ಸರದಿ. ಜೋನ್‌ಳ ಅಪ್ಪನ ಅಕ್ಕ ಅವರು; ಕೊಂಕಣಿಯವರು ದೊಡ್ಡ ಹೆಂಗಸರನ್ನು ಬಾಯಿ ಎನ್ನುವುದು.

ಬಾವಿಯ ಹತ್ತಿರ ಬಂದಾಗ ಅವಳಿಗೆ ಒಂದು ಶಬ್ದ ಕೇಳಿಸಿತು.

ಕಿರ್ರ್... ಕಿರ್ರ್...

ರಾಟೆಯ ಶಬ್ದ. ಆ ಬಾವಿಗೆ ರಾಟೆಯೇ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಎರಡು ಬೋಳು ಕಂಬ ಮಾತ್ರ. ಜೋನ್ ನಿಂತಳು. ಆಗ ಕಿವಿಯ ಹತ್ತಿರವೇ ಒಂದು ಪಿಸುಮಾತು, ಕೊಂಕಣಿಯಲ್ಲಿ.

"ಎಲ್ಲರದ್ದೂ ತೆಗೆದುಕೊಂಡೆ ಅಲ್ವಾ, ಮಗಳೇ... ನನ್ನದು?"

"ನೀವು ಯಾರು?"

"ಕಾನ್ಸೆಪ್ಟಾ."

ಆ ಹೆಸರು ಜೋನ್‌ಗೆ ಗೊತ್ತಿಲ್ಲ. ತಲೆ ಸರಿಯಿಲ್ಲದ ಯಾರೋ ಹೆಂಗಸು ಕತ್ತಲಲ್ಲಿ ಕೂತಿರಬೇಕು ಎಂದುಕೊಂಡಳಂತೆ. ನರ್ಸ್ ಅಲ್ವಾ, ಅಂಥವರನ್ನು ಕಂಡು ಅಭ್ಯಾಸ. ಮೆತ್ತಗೆ ಹೇಳಿದಳು, ಈಗ ಹೊತ್ತಾಯಿತು, ನಾಳೆ ಬರುತ್ತೇನೆ.

"ಇನ್ನೂ ಎಷ್ಟು ನಾಳೆ..."

ಆ ಮಾತು ಕೇಳಿ ಅವಳಿಗೆ ಕಾಲು ಕೀಳಲಿಕ್ಕೆ ಆಗಲಿಲ್ಲವಂತೆ. ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು. ಮುಂದೆ ಮಾತೇ ಇಲ್ಲ. ರಾಟೆ ಮಾತ್ರ. ಕಿರ್ರ್... ಹಗ್ಗ ಜಗ್ಗುವ ಶಬ್ದ... ಆಳದಲ್ಲಿ ನೀರಿಗೆ ಏನೋ ತಾಗುವ ಶಬ್ದ, ಬುಳುಕ್... ಕ್ಯಾಸೆಟ್ಟಿನ ಆ ಬದಿ ಮುಗಿದು ಗುಂಡಿ ಟಪ್ ಎಂದು ಮೇಲೆದ್ದಾಗ ರಾಟೆಯೂ ನಿಂತಿತು. ಹೇಗೆ ಮನೆ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ.

ಮಾರನೇ ದಿನ ತಾಯಿಯ ಹತ್ತಿರ, ಕಾನ್ಸೆಪ್ಟಾ ಯಾರು ಎಂದು ಕೇಳಿದಳು. ತಾಯಿ ಅಕ್ಕಿ ಕೇರುತ್ತಿದ್ದರು. ಮೊರವನ್ನು ಕೆಳಗೆ ಇಟ್ಟರು. ಆ ಹೆಸರನ್ನು ನಿನ್ನ ಪಪ್ಪ ಈ ಮನೆಯಲ್ಲಿ ಹೇಳಿದವರಲ್ಲ, ನೀನೂ ಹೇಳಬೇಡ ಎಂದರು. ಅಷ್ಟು ಹೇಳಿ ಒಳಗೆ ಹೋಗಿ ಜಪಮಾಲೆ ಹಿಡಿದು ಕೂತರು.

ಜೋನ್ ನಮ್ಮ ಮನೆಗೆ ಬಂದಳು. ಕೂತಲ್ಲಿ ಕೂರಲಿಲ್ಲ, ಕೊಟ್ಟ ಚಾ ಕುಡಿಯಲಿಲ್ಲ. ಕ್ಯಾಸೆಟ್ ಹಾಕಿದಳು. ನಾನೂ ಕೇಳಿದೆ. ರಾಟೆ, ಹಗ್ಗ, ನೀರು... ಬೇರೆ ಏನೂ ಇಲ್ಲ. ಮನುಷ್ಯರ ಮಾತು ಒಂದಕ್ಷರ ಇಲ್ಲ. ಆದರೂ ಯಾರೋ ಹೇಳುತ್ತಿದ್ದಾರೆ, ನನಗೆ ಮಾತ್ರ ಕೇಳಿಸುತ್ತಿಲ್ಲ ಎಂದು ಅನ್ನಿಸಿತು. ನೀನೂ ಬಾ ವನಜಾಕ್ಷಿ, ಒಬ್ಬಳಿಗೆ ಆಗುವುದಿಲ್ಲ ಎಂದಳು ಜೋನ್. ಹೋದೆ.

ಜೆರ್ಟ್ರೂಡ್ ಬಾಯಿ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಹೂವು ತೆಗೆದುಕೊಂಡು ಹೋಗುವವನು ಬರುವ ಹೊತ್ತು, ಅವಸರ. ಜೋನ್ ಏನೂ ಹೇಳದೆ ಕ್ಯಾಸೆಟ್ ಹಾಕಿದಳು.

ಕಿರ್ರ್...

ಹೂ ಕಟ್ಟುತ್ತಿದ್ದ ಜೆರ್ಟ್ರೂಡ್ ಬಾಯಿಯ ಕೈ ನಿಂತಿತು. ಮುಖ ನೋಡಿದರೆ, ಎದುರು ಕೂತವರ ಮಾತು ಕೇಳುವ ಮುಖ. ಒಮ್ಮೆ ತಲೆ ಆಡಿಸಿದರು. ಒಮ್ಮೆ ಹೂಂ ಎಂದರು. ನಮಗೆ ರಾಟೆ ಮಾತ್ರ. ಕೊನೆಗೆ ಮಡಿಲಿನ ಹೂವೆಲ್ಲ ನೆಲಕ್ಕೆ ಬಿತ್ತು.

"ಅಕ್ಕ ಹಾರಿದ್ದಲ್ಲವಂತೆ," ಎಂದರು.

ಆಮೇಲೆ ಎಲ್ಲ ಬಿಡಿಸಿ ಹೇಳಿದರು. ಕಾನ್ಸೆಪ್ಟಾ ಅವರ ದೊಡ್ಡಕ್ಕ. ತಾಯಿ ಬೇಗ ಹೋದ ಮೇಲೆ ತಂಗಿಯರನ್ನು, ತಮ್ಮನನ್ನು, ಅಂದರೆ ಜೋನ್‌ಳ ಅಪ್ಪನನ್ನು, ಸಾಕಿದವಳು ಅವಳೇ. ಅವಳಿಗೆ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಮಾತು ಮುರಿದರು. ಅದೇ ವಾರ ಬೆಳಗಿನ ಜಾವ ನೀರಿಗೆ ಹೋದವಳು ಬಾವಿಯಲ್ಲಿ ತೇಲುತ್ತಿದ್ದಳು. ಕಾಲು ಜಾರಿತು ಎಂದರೆ ಊರು ನಂಬಲಿಲ್ಲ. ನೀರಿಗೆ ಹೋದದ್ದಾದರೆ ಕೊಡಪಾನ ಎಲ್ಲಿ ಎಂದು ಕೇಳಿದರು. ಪಾತಾಳಗರಡಿಯ ಕೊಕ್ಕೆ ಇಳಿಸಿ ಹುಡುಕಿದರು. ಹಗ್ಗವೂ ಇಲ್ಲ, ಕೊಡಪಾನವೂ ಇಲ್ಲ. ಹಾಗಾದರೆ ಹಾರಿದ್ದೇ ಎಂದು ಆಯಿತು. ಆ ಕಾಲದ ಪದ್ಧತಿ, ಹಾರಿದವರಿಗೆ ಇಗರ್ಜಿಯ ಸ್ಮಶಾನದೊಳಗೆ ಜಾಗ ಇಲ್ಲ. ಗೋಡೆಯ ಹೊರಗೆ ಮಣ್ಣು ಮಾಡಿದರು. ಶಿಲುಬೆ ಇಲ್ಲ, ಗಂಟೆ ಇಲ್ಲ. ಅವತ್ತಿನಿಂದ ಆ ಹೆಸರೂ ಇಲ್ಲ.

"ಈಗ ಅವಳು ಹೇಳಿದಳು. ಕೊಡಪಾನ ತುಂಬಿತ್ತು, ಹಗ್ಗ ಕೈಯಿಂದ ಜಾರಿತು, ಹಿಡಿಯಲಿಕ್ಕೆ ಬಗ್ಗಿದೆ ಅಂತ."

ಮುದುಕಿಯ ಮನಸ್ಸು, ಏನೋ ಕೇಳಿದ ಹಾಗೆ ಆಗಿರಬಹುದು ಎಂದು ನನಗೆ ಅನ್ನಿಸಿತು. ಜೋನ್‌ಗೂ ಹಾಗೇ. ಆ ಸಂಶಯದಲ್ಲಿ ಅವಳು ರಾತ್ರಿ ಮಲಗಲಿಲ್ಲ. ಮರುದಿನ ನನ್ನನ್ನು ಎಳೆದುಕೊಂಡು ಕಾರ್ಕಳದ ಬಸ್ಸು ಹತ್ತಿದಳು. ಅಲ್ಲಿ ಇನ್ನೊಬ್ಬ ತಂಗಿ, ಬೆನೆಡಿಕ್ಟಾ ಬಾಯಿ. ಅವರ ಮನೆಗೆ ಫೋನ್ ಇಲ್ಲ, ಶಂಕರಪುರದಿಂದ ಯಾರೂ ಹೋಗಿಲ್ಲ. ದಾರಿಯುದ್ದಕ್ಕೂ ಜೋನ್ ಕ್ಯಾಸೆಟ್ಟನ್ನು ಸೀರೆಯ ಸೆರಗಲ್ಲಿ ಸುತ್ತಿ ಹಿಡಿದಿದ್ದಳು.

ಬೆನೆಡಿಕ್ಟಾ ಬಾಯಿಗೆ ಕಿವಿ ಮಂದ. ನಾವು ಕೂಗಿ ಮಾತಾಡಬೇಕು. ಟೇಪ್ ರೆಕಾರ್ಡರನ್ನು ಅವರ ಕಿವಿಗೆ ಹಿಡಿದೆವು. ಸ್ವಲ್ಪ ಹೊತ್ತಿಗೆ ಅವರೇ ಶಬ್ದ ಕಡಿಮೆ ಮಾಡಲು ಕೈಸನ್ನೆ ಮಾಡಿದರು. ಮತ್ತೆ ನಿಧಾನ, ಒಂದೊಂದೇ ಮಾತು, ಕೇಳಿ ಕೇಳಿ ಒಪ್ಪಿಸುವ ಹಾಗೆ...

"ತುಂಬಿತ್ತು... ಹಗ್ಗ ಜಾರಿತು... ಹಿಡಿಯಲಿಕ್ಕೆ ಬಗ್ಗಿದೆ... ನಾನು ಹಾರಿದ್ದಲ್ಲ, ಬೆನ್ನೀ."

ಜೋನ್ ಅವರ ಪಾದದ ಹತ್ತಿರ ಕೂತುಬಿಟ್ಟಳು. ಬೆನೆಡಿಕ್ಟಾ ಬಾಯಿ ಮಾತ್ರ ಹೆದರಲಿಲ್ಲ. ತನ್ನನ್ನು ಬೆನ್ನಿ ಎಂದು ಕರೆಯುವವರು ಅಕ್ಕ ಒಬ್ಬಳೇ ಇದ್ದದ್ದು, ಇನ್ನೊಮ್ಮೆ ಹಾಕು ಎಂದರು. ಹಾಕಿದೆವು. ಮತ್ತೆ ಮತ್ತೆ ಹಾಕಿಸಿದರು.

ಜೋನ್ ಸುಮ್ಮನಿರಲಿಲ್ಲ. ಅತ್ತೆಯಂದಿರಿಬ್ಬರನ್ನೂ ಕರೆದುಕೊಂಡು ಇಗರ್ಜಿಗೆ ಹೋದಳು. ಪಾದ್ರಿಗಳು ಹೊಸಬರು, ಒಳ್ಳೆಯವರು. ಈಗ ಆ ಪದ್ಧತಿ ಇಲ್ಲ, ಹಾರಿದ್ದಾದರೂ ಅವಳ ಹೆಸರಿಗೆ ಬಲಿಪೂಜೆಯ ಪ್ರಾರ್ಥನೆ ಮಾಡೋಣ ಎಂದರು. ಜೆರ್ಟ್ರೂಡ್ ಬಾಯಿ ಒಪ್ಪಲಿಲ್ಲ. ಕನಿಕರ ಬೇಡ ಫಾದರ್, ಅವಳು ಹೇಳಿದ್ದು ನಿಜ ಎಂದು ಊರಿಗೆ ಕಾಣಬೇಕು, ಮೊದಲು ಬಾವಿ ಖಾಲಿ ಮಾಡಿಸುತ್ತೇನೆ ಎಂದರು.

ಮೇ ತಿಂಗಳು, ನೀರು ತಳ ಹಿಡಿದಿತ್ತು. ಪಂಪು ಇಟ್ಟು ಎಳೆದರು. ಆಳುಗಳು ಇಳಿದು ಕೆಸರು ತೆಗೆದರು. ಬುಟ್ಟಿ ಬುಟ್ಟಿ ಕೆಸರು, ಕೊಳೆತ ಎಲೆ, ತೆಂಗಿನ ಚಿಪ್ಪು. ಮಧ್ಯಾಹ್ನದ ಹೊತ್ತಿಗೆ ನೋಡುವವರು ಒಬ್ಬೊಬ್ಬರೇ ಹೊರಟರು. ಜೆರ್ಟ್ರೂಡ್ ಬಾಯಿ ಮಾತ್ರ ಕಟ್ಟೆ ಹಿಡಿದು ನಿಂತಿದ್ದರು. ಬೆನೆಡಿಕ್ಟಾ ಬಾಯಿ ಬಿಸಿಲಲ್ಲಿ ಆಚೆಯಿಂದ ಈಚೆ, ಈಚೆಯಿಂದ ಆಚೆ... ಸಂಜೆಯಾಗುವಾಗ ಕೆಳಗಿನಿಂದ ಒಬ್ಬ ಕೂಗಿದ. ಗುದ್ದಲಿಗೆ ಏನೋ ತಾಗಿತು, ಠಣ್ ಎಂದು.

ತಾಮ್ರದ ಕೊಡಪಾನ. ಅದರ ಕುತ್ತಿಗೆಗೆ ಹಗ್ಗ ಬಿಗಿದೇ ಇತ್ತು. ಕಟ್ಟೆಯ ಮೇಲೆ ಇಟ್ಟಾಗ ಹೊರಟುಹೋದವರೂ ತಿರುಗಿ ಬಂದರು. ತಂಗಿಯರಿಬ್ಬರೂ ಅದರ ಮೇಲೆ ಕೈ ಇಟ್ಟು ಅತ್ತರು.

ಆ ಭಾನುವಾರ ಇಗರ್ಜಿಯಲ್ಲಿ ಕಾನ್ಸೆಪ್ಟಾ ಎಂಬ ಹೆಸರನ್ನು ಗಟ್ಟಿಯಾಗಿ ಓದಿದರು. ಗಂಟೆಯನ್ನೂ ಬಾರಿಸಿದರು. ಗೋಡೆಯ ಹೊರಗೆ ಅವಳನ್ನು ಹೂತಲ್ಲಿಯ ಮಣ್ಣನ್ನು ಸ್ಮಶಾನದ ಒಳಗೆ ತಂದು ಶಿಲುಬೆ ನೆಟ್ಟರು. ಜೋನ್‌ಳ ತಾಯಿಯೂ ಬಂದು ಮೇಣದ ಬತ್ತಿ ಹಚ್ಚಿದರು.

ನೀವು ನಂಬಿ, ಬಿಡಿ. ಒಂದು ಮಾತ್ರ ಕೇಳಿ. ಕೊಡಪಾನ ಮೇಲೆ ಬಂದಾಗ ಅದರ ಹಗ್ಗ ಬಿಚ್ಚಲಿಕ್ಕೆ ಹೇಳಿದ್ದು ನನಗೆ. ಬಿಚ್ಚಿದ್ದು ನಾನು, ಈ ಕೈಯಿಂದಲೇ. ಕೊಡಪಾನದ ಹೊಟ್ಟೆಯೊಳಗೂ ಹೊರಗೂ ಕೆಸರು, ನೀರು ತೊಟ್ಟಿಕ್ಕುತ್ತಿತ್ತು.

ಹಗ್ಗ ಮಾತ್ರ ನೀರನ್ನೇ ಕಾಣದ ಹಾಗೆ ಒಣಗಿತ್ತು.