ಗೋಡೆಯ ಮೇಲಿಂದ ಬಂದ ವೈರು

ನನ್ನ ಹೆಸರು ವಿನುತಾ, ಗಂಡ ರೂಪೇಶ, ವಯಸ್ಸು 36, ಕಸುಬು ಹೊಲಿಗೆ, ವಾಸ ಮಂಕಿ, ತಾಲೂಕು ಹೊನ್ನಾವರ. ಠಾಣೆಯಲ್ಲಿ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮದು ಪಾಲಾದ ಮನೆ. ಆಚೆ ಪಾಲಿನಲ್ಲಿ ಗಂಡನ ಅಣ್ಣ ಮೋಹನ ಭಾವ, ಅವರ ಹೆಂಡತಿ ಭಾರತಿ ಇದ್ದಾರೆ. ನಡುವಿನ ಗೋಡೆ ಎಂಟು ಅಡಿ; ಅದರ ಮೇಲೆ ಹಂಚಿನವರೆಗೆ ಖಾಲಿ. ಆಚೆ ಒಗ್ಗರಣೆ ಹಾಕಿದರೆ ಈಚೆ ಸೀನು ಬರುತ್ತದೆ. ಅಣ್ಣತಮ್ಮಂದಿರು ಆರು ವರ್ಷದಿಂದ ಮಾತಾಡುವುದಿಲ್ಲ.

ಕರೆಂಟು ಹೋದರೆ ನನ್ನ ಹೊಲಿಗೆ ನಿಲ್ಲುತ್ತಿತ್ತು. 2022ರ ಜೂನ್‌ನಲ್ಲಿ ಇದನ್ನು ಭಾರತಿ ಅಕ್ಕನಲ್ಲಿ ಹೇಳಿಕೊಂಡೆ. ಗಂಡ ಕುಮಟೆಗೆ ಹೋಗಿದ್ದ ದಿನ ಭಾವ ತಮ್ಮ ಮನೆಯ ಇನ್ವರ್ಟರಿನಿಂದ ಗೋಡೆಯ ಮೇಲೆ ವೈರು ತಂದು ಹೊಲಿಗೆ ಮಿಷನ್ನಿನ ಮೇಲಿನ ದೀಪಕ್ಕೆ ಕೊಟ್ಟರು. ಗಂಡನಿಗೆ ಅದು ಒಳಗೆ ಬ್ಯಾಟರಿ ಇರುವ ಬಲ್ಬು ಎಂದೆ. ಅವರು ನಂಬಿದರು. ಅಂಥದ್ದೊಂದು ತನಗೂ ತಂದುಕೊಡು ಎಂದು ನೆರೆಯ ಗಣಪಿ ಕೇಳುವಷ್ಟು ಹೊಗಳಿದ್ದರು.

ದಿನಾಂಕ 9-11-2025ರ ಭಾನುವಾರ ಸಂಜೆ 4-20ಕ್ಕೆ ಗಂಡ ಆ ದೀಪದ ಹಳೆಯ ಹೋಲ್ಡರ್ ತೆಗೆದು ಹೊಸ ಫಿಟ್ಟಿಂಗ್ ಹಾಕಲು ಹೊರಟರು. ಹೋಲ್ಡರ್ ಸಡಿಲವಾಗಿ ಬೆಳಕು ಮಿಣುಕುತ್ತಿತ್ತು. ನನ್ನ ಕಣ್ಣು ಹಾಳಾಗುತ್ತದೆ ಎಂಬುದು ಅವರ ಮಾತು. ಮೇನ್ ಸ್ವಿಚ್ ಬಂದ್ ಮಾಡಿದರು. ದೀಪ ಉರಿಯುತ್ತಲೇ ಇತ್ತು. ನಾನು ಅದರ ಸ್ವಿಚ್ಚನ್ನೂ ಆರಿಸಲು ಹೋದೆ. ಬ್ಯಾಟರಿ ಬೆಳಕು ಎಂತ ಮಾಡ್ತದೆ, ಕೆಲಸಕ್ಕೆ ಕಾಣ್ಲಿ, ಇರ್ಲಿ ಬಿಡು ಎಂದರು. ನಾನು ಬರುವವರೆಗೆ ಸ್ಟೂಲು ಹತ್ತಬೇಡಿ, ಕರಿಬೇವು ತರುತ್ತೇನೆ ಎಂದು ಹೊರಟೆ. ಈಗೆಂತ ಕರಿಬೇವು ಮಾರಾಯ್ತಿ ಎಂದು ನಕ್ಕರು.

ಆಚೆ ಬಾಗಿಲಿಗೆ ಮೂವತ್ತೆರಡು ಹೆಜ್ಜೆ. ಇನ್ವರ್ಟರ್ ಬಂದ್ ಮಾಡಿಸಲು ಹೋಗಿದ್ದು. ಅಕ್ಕಾ ಎಂದು ಕರೆಯುವಷ್ಟರಲ್ಲಿ ನಮ್ಮ ಕಡೆ ಸ್ಟೂಲು ಬಿದ್ದ ಸಪ್ಪಳ ಕೇಳಿತು. ವೈರು ಎಂದು ಕೂಗಿದೆ. ಭಾವ ಇನ್ವರ್ಟರ್ ಆರಿಸಿ ಬರಿಗಾಲಲ್ಲಿ ಓಡಿದರು. ಆರು ವರ್ಷದಲ್ಲಿ ಅವರು ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ವೈರು ತಂದ ದಿನವೂ ಹಿತ್ತಿಲಿನ ಏಣಿಯಿಂದ ಮಾಡಿಗೆ ಹತ್ತಿ ಮೇಲಿನಿಂದಲೇ ಕೊಟ್ಟಿದ್ದರು. ಗಂಡ ನೆಲದ ಮೇಲಿದ್ದರು. ಬಲ್ಬನ್ನು ಒಡೆಯದಂತೆ ಮೊದಲೇ ನನ್ನ ಅರ್ಧ ಹೊಲಿದ ರವಿಕೆಯ ಮೇಲೆ ಇಟ್ಟಿದ್ದರು.

ರಿಕ್ಷಾದಲ್ಲಿ ಹೊನ್ನಾವರದ ಆಸ್ಪತ್ರೆಯವರೆಗೂ ಅವರ ತಲೆ ಭಾವನ ತೊಡೆಯ ಮೇಲಿತ್ತು. ದಾರಿಯಲ್ಲಿ ಕಣ್ಣು ಬಿಟ್ಟು, ನಿಂಗೆಂತ ಕೆಲ್ಸ ಇಲ್ಲಿ ಎಂದು ಕೇಳಿದರು. ಸುಮ್ನೆ ಮಲ್ಕಳಾ, ರಿಕ್ಷಾ ನಿನ್ನ ಪಾಲಿಗೆ ಬಂದಿಲ್ಲ ಎಂದು ಭಾವ ಹೇಳಿದರು. ಎರಡು ಬೆರಳು ಸುಟ್ಟಿವೆ, ಎಡಗೈ ಮುರಿದಿದೆ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಹಳೆಯ ಜಗಳದಿಂದ ಭಾವನೇ ಬೇಕೆಂದು ವೈರು ಬಿಟ್ಟಿದ್ದರೇ ಎಂದು ಠಾಣೆಯಲ್ಲಿ ಕೇಳಿದರು. ವೈರಿನ ವಿಷಯ ಗೊತ್ತೇ ಇರಲಿಲ್ಲವೆಂದು ನೀನು ಹೇಳಿಬಿಡು, ಕೇಸು ನನ್ನ ಮೇಲಾದರೆ ಆತು, ನಿಮ್ಮ ಗಂಡಹೆಂಡಿರಲ್ಲಿ ಜಗಳ ಬೇಡ ಎಂದು ಭಾವ ಹೊರಗಿನ ಬೆಂಚಿನಲ್ಲಿ ನನಗೆ ಹೇಳಿದ್ದಾರೆ. ಹಾಗೆ ಹೇಳಲಾರೆ. ವೈರು ಕೇಳಿದವಳು ನಾನು, ಸುಳ್ಳು ಹೇಳಿದವಳೂ ನಾನು. ಭಾವನ ಮೇಲೆ ನನ್ನ ದೂರಿಲ್ಲ.

ಕೈಗೆ ಬಂದ ಕೂಡಲೇ ಬಲ್ಬು ಆರಿತು, ಬ್ಯಾಟರಿ ಮುಗಿದಿರಬೇಕು, ಬೇರೆ ತರೋಣ ಎಂದು ಗಂಡ ಇಂದು ಬೆಳಿಗ್ಗೆ ಹೇಳಿದರು. ಅದರಲ್ಲಿ ಬ್ಯಾಟರಿ ಇರಲಿಲ್ಲವೆಂದು ಠಾಣೆಯವರು ಅವರಿಗೆ ಮೊದಲು ತಿಳಿಸಬಾರದೆಂದು ವಿನಂತಿ. ಸಂಜೆ ಗಂಜಿ ಒಯ್ಯುವಾಗ ನಾನೇ ಹೇಳುತ್ತೇನೆ. ಗಂಜಿ ಭಾರತಿ ಅಕ್ಕ ಮಾಡಿದ್ದು, ಅದನ್ನೂ ಹೇಳುತ್ತೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದರು. ನಾನು ಹೇಳಿದ್ದೇ ಇದೆ, ಹೇಳಿದ್ದು ನಿಜ.

ಸ್ಥಳ: ಹೊನ್ನಾವರ
ದಿನಾಂಕ: 10-11-2025
ಸಹಿ: ವಿನುತಾ