ಹಗುರ ಟ್ರಿಗರಿಗೆ ಗಂಗಪ್ಪನವರ ಸ್ಪ್ರಿಂಗ್

ಮುಂದೆ ಕುಳಿತಿರುವ ಗಂಗಪ್ಪನವರ ಹೆಂಡತಿ ಪಿಳ್ಳಮ್ಮನವರೇ, ಅವರ ಮನೆಮಂದಿಯೇ, ಪೀಣ್ಯದ ನಮ್ಮ ಸ್ಪ್ರಿಂಗ್ ಕಾರ್ಖಾನೆಯ ಗೆಳೆಯರೇ — ಈ ಪರಮಾನಂದನ ನಮಸ್ಕಾರ. ನಮ್ಮಲ್ಲಿ ಸ್ಪ್ರಿಂಗ್ ಸುತ್ತುತ್ತಿದ್ದ ಗಂಗಪ್ಪನವರು ಹೋದರು. ದುಃಖವಿದೆ, ಬಹಳ ಇದೆ. ಆದರೆ ನಾನು ಅಳುವುದಕ್ಕೆ ಮೈಕ್ ಹಿಡಿದಿಲ್ಲ. ಅವರು ಗೆದ್ದದ್ದನ್ನು ಹೇಳಲು ಹಿಡಿದಿದ್ದೇನೆ.

ನಮ್ಮ ಪ್ಯಾಕಿಂಗಿನ ಮಹಾದೇವಿ ಇಲ್ಲೇ ಇದ್ದಾಳೆ. ಪ್ರೆಸ್ಸಿಗೆ ಸಿಕ್ಕಿ ಇವಳ ತೋರುಬೆರಳು ಜಜ್ಜಿಹೋಗಿತ್ತು. ಆದರೂ ಹುಡುಗಿ ಶೂಟಿಂಗ್ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯುವುದನ್ನು ಬಿಡಲಿಲ್ಲ. ಕ್ಲಬ್ಬಿನ ರಿವಾಲ್ವರಿನ ಟ್ರಿಗರ್ ಮಾತ್ರ — ಬಿಗಿ ಅಂದರೆ ಬಿಗಿ. ಆ ಬೆರಳಲ್ಲಿ ಎಳೆದರೆ ಗುರಿಯೇ ತಪ್ಪುತ್ತಿತ್ತು. ಈ ಸಲ ರಾಜ್ಯಮಟ್ಟದಲ್ಲಿ ಸೋತರೆ ತಂಡದಿಂದ ಹೊರಗೆ. ರಿವಾಲ್ವರಿನೊಳಗಿನ ಸ್ಪ್ರಿಂಗ್ ಬದಲಿಸಿದರೆ ಎಳೆತ ಹಗುರಾಗುತ್ತದೆ, ನಿಯಮದಲ್ಲೂ ಅವಕಾಶವಿತ್ತು. ಗಂಗಪ್ಪನವರು ಪ್ರೀತಿಯಿಂದ ಎಷ್ಟು ಮೆತ್ತಗೆ ಮಾಡಿಕೊಟ್ಟರು ಅಂದರೆ — ಟ್ರಿಗರ್ ಬೆಣ್ಣೆ! ಗುಂಡು ಮಾತ್ರ ಹಾರಲೊಲ್ಲದು. ಗುಂಡಿನ ಹಿಂಬದಿಗೆ ಬಡಿಯುವ ಹ್ಯಾಮರ್ ಬಂದು ಸುಮ್ಮನೆ 'ಟಕ್' ಅನ್ನುತ್ತದೆ, ಏಟಿಗೆ ಬಲವೇ ಇಲ್ಲ.

ಇದು ಗೊತ್ತಾಗಿದ್ದು ಯಾವಾಗ? ಆಯುಧಪೂಜೆಯ ಸಂಜೆ! ಸ್ಪ್ರಿಂಗ್ ಸುತ್ತುವ ಮಷೀನಿಗೆ ಕುಂಕುಮ ಇಟ್ಟು, ಬೂದುಗುಂಬಳ ಒಡೆದಾಗಿತ್ತು. ನಮ್ಮಲ್ಲಿ ಪೂಜೆಯಾದ ಮಷೀನನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಚಾಲೂ ಮಾಡುವುದಿಲ್ಲ. ಸ್ಪರ್ಧೆ ಅದರ ಮರುದಿನ ಬೆಳಿಗ್ಗೆಯೇ.

"ಹೋಗ್ಲಿ ಬಿಡ್ರಿ ಅಣ್ಣಾರ, ಮುಂದಿನ ವರ್ಷ ನೋಡೋಣು" ಅಂದಳು ಮಹಾದೇವಿ, ಕಣ್ಣು ಒರೆಸಿಕೊಂಡು.

"ಏಯ್, ಸುಮ್ಕಿರವ್ವ! ಪೂಜೆ ಆಗಿರೋದು ಮಷೀನ್‌ಗೆ. ನನ್ ಕೈಗ್ಯಾರು ಕುಂಕ್ಮ ಇಟ್ಟವ್ರೆ?" ಅಂದರು ಗಂಗಪ್ಪನವರು.

ತಂತಿ ಹಿಡಿದು ಚಿಕ್ಕಬಾಣಾವರದ ಮನೆಗೆ ಹೋದರು. ಅಂಗಳದಲ್ಲಿ ಕೂತು, ಸರಳಿಗೆ ಹೀಗೆ — ಹೀಗೆ — ಕೈಯಲ್ಲೇ ಸುತ್ತಿದರು. ತಂತಿಯ ಇನ್ನೊಂದು ತುದಿ ಬಿಗಿಹಿಡಿದವರು ಈ ಪಿಳ್ಳಮ್ಮನವರೇ. ಈ ಸ್ಪ್ರಿಂಗ್ ಮೊದಲು ಮಾಡಿದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿತ್ತು, ಗುಂಡು ಹಾರಲು ಅಷ್ಟೇ ಬೇಕಿತ್ತು. ಕ್ಲಬ್ಬಿನ ಮಿಸ್ತ್ರಿ ಕೂರಿಸಿ, ಪರೀಕ್ಷಿಸಿ, ಸೈ ಅಂದ.

ಸ್ಪರ್ಧೆಯಲ್ಲಿ ಒಂದು ಗುಂಡೂ ಕೈಕೊಡಲಿಲ್ಲ. ಚಿನ್ನ — ಚಿನ್ನ ಕಣ್ರೀ! ಗಂಗಪ್ಪನವರು ಅಲ್ಲೇ ಸೀಟಿ ಹೊಡೆದರು. ಅಧಿಕಾರಿ ಗದರಿದ. ಇನ್ನೊಂದು ಹೊಡೆದರು!

ಮುಂದಿನ ವಾರ ರಾಷ್ಟ್ರಮಟ್ಟದ ಸ್ಪರ್ಧೆ. "ಅಣ್ಣಾರಿಲ್ದ ನಾ ಹೋಗಂಗಿಲ್ಲ" ಅಂತ ಮಹಾದೇವಿ ಹಟ ಹಿಡಿದಿದ್ದಳು. ಇವತ್ತು ಬೆಳಿಗ್ಗೆ ಪಿಳ್ಳಮ್ಮನವರು ಅವಳ ಕೈ ಹಿಡಿದು ಹೇಳಿದರು: "ಓಗವ್ವ. ಆ ತಂತಿ ನಾನೂ ಇಡ್ಕಂಡಿದ್ದೆ. ನಾನಿನ್ನೂ ಇವ್ನಿ."

ಮಹಾದೇವಿ ಹೋಗುತ್ತಾಳೆ!

ಬನ್ನಿ, ಎಲ್ಲರೂ ಏಳೋಣ. ತಲೆ ತಗ್ಗಿಸುವುದು ಬೇಡ — ಎತ್ತಿಕೊಂಡೇ, ಗಂಗಪ್ಪನವರಿಗಾಗಿ ಒಂದು ನಿಮಿಷ ಮೌನವಾಗಿ ನಿಲ್ಲೋಣ.