ಕುಂಡಕ್ಕೊಂದು ಸೀಟು

ಪ್ರಾಗ್‌ನ ಟ್ರಾಮಿನಲ್ಲಿ ಕಂಬಿ ಹಿಡಿದು ನಿಂತಿದ್ದ ರಾದ್ಕಾಳಿಗೆ ಒಂದೇ ಒಂದು ಖಾಲಿ ಸೀಟೂ ಸಿಗಲಿಲ್ಲ. ಎದುರಿನ ಸೀಟಿನಲ್ಲಿ ಹೂ ಬಿಟ್ಟ ಬೆಟ್ಟದ ಗಿಡದ ಕುಂಡವೊಂದು ಕೂತಿತ್ತು. ಅದರ ಯಜಮಾನ, ಮುದುಕ ಬೊಹುಮಿಲ್, ಪಕ್ಕದಲ್ಲಿ ಕಾವಲು ನಿಂತಿದ್ದ. ಹೆಂಡತಿ ಲಿಬುಶೆಯೂ ನಿಂತೇ ಇದ್ದಳು.

“ರೀ, ಅದನ್ನ ತೊಡೆ ಮೇಲಿಟ್ಕೊಂಡು ನಾನು ಕೂತ್ಕೋತೀನಿ. ಮಂಡಿ ನೋಯ್ತಿದೆ.”

“ನಿನ್ನ ಮೈ ಬಿಸಿಗೆ ಬಾಡೋಗುತ್ತೆ ಕಣೇ. ಹತ್ತು ಗಂಟೆಗೆ ತೀರ್ಪುಗಾರರ ಮುಂದೆ ಹೀರೋ ಎಂಟ್ರಿ ಇದೆ.”

“ಹೂವಿನ ಪ್ರದರ್ಶನಕ್ಕೆ ಮುಂಚೆ ಅರಳದೇ ಇರ್ಲಿ ಅಂತ ಎರಡು ವಾರ ಫ್ರಿಡ್ಜಲ್ಲಿ ಮಲಗಿಸಿದ್ರಿ. ನಮ್ಮಕ್ಕ ಕಳ್ಸಿದ ಬಾತುಕೋಳಿ ಹೊರಗೇ ಹಳಸೋಯ್ತು.”

“ಬಾತುಕೋಳಿಗೆ ಯಾರೂ ಬಹುಮಾನ ಕೊಡಲ್ಲ.”

“ಚಳಿಗಾಲದಲ್ಲಿ ಅದಕ್ಕೆ ಗಾಜಿನ ಸೂರು. ನನ್ನ ಮಂಚದ ಮೇಲೆ ಸೋರ್ತಿತ್ತು.”

“ಹಿಮ ಬಿದ್ರೆ ತಡ್ಕೊಳುತ್ತೆ, ನೆನೆದ್ರೆ ಕೊಳೆಯುತ್ತೆ.”

“ನಾನು?”

“ನೀನು ಗಟ್ಟಿ ಗಿಡ ಕಣೇ. ಎಲ್ಲಿಟ್ರೂ ಬದುಕ್ತೀಯ.”

ಟ್ರಾಮು ನಿಂತಿತು. ಬೊಹುಮಿಲ್ ಕುಂಡವನ್ನು ಹಸುಗೂಸಿನಂತೆ ಎತ್ತಿಕೊಂಡು ಇಳಿದ. ಲಿಬುಶೆ ಖಾಲಿ ಸೀಟಿನಲ್ಲಿ ಕೂತಳು. ಬಾಗಿಲು ಮುಚ್ಚಿತು.

“ಅಜ್ಜಿ, ನಿಮ್ಮ ಸ್ಟಾಪ್ ಅಲ್ವಾ?” ರಾದ್ಕಾ ಕೇಳಿದಳು.

“ಹೌದಮ್ಮ. ಪ್ರದರ್ಶನದ ಪ್ರವೇಶ ಚೀಟಿ ನನ್ನ ಚೀಲದಲ್ಲೇ ಇದೆ. ನಾನು ವಾಪಸ್ ಬರೋವರೆಗೂ ಅವ್ರೂ ಕುಂಡವೂ ಬಿಸಿಲಲ್ಲಿ ನಿಂತಿರ್ಲಿ. ಯಾವುದು ಗಟ್ಟಿ ಗಿಡ ಅಂತ ಗೊತ್ತಾಗುತ್ತೆ.”